ಕಾಕಾ ಕತ್ತರಿಸಿದ ಸ್ಪ್ರಿಂಗ್

ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮೂರು ವರ್ಷಗಳ ಹಿಂದೆ ವಿಜ್ಞಾನ ದಿನಕ್ಕೆ ಮಾತನಾಡಬೇಕಾಗಿ ಬಂದಾಗ, ಮಡಚುವ ಕೈಯ ಟೇಬಲ್ ಲ್ಯಾಂಪಿನ ಕಥೆ ಆರಿಸಿಕೊಂಡೆ. ಎಳೆದಲ್ಲಿಗೆ ಬಂದು ಬಿಟ್ಟಲ್ಲಿ ನಿಲ್ಲುವ ದೀಪ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ, ಮೋಟಾರು ಗಾಡಿಗಳ ಸ್ಪ್ರಿಂಗುಗಳಲ್ಲಿ ಪಳಗಿದ್ದ ಎಂಜಿನಿಯರನೊಬ್ಬ ಅದನ್ನು ರೂಪಿಸಿದ. ಮೊದಲು ಕಾರ್ಖಾನೆಗಳಿಗೆ ನಾಲ್ಕು ಸ್ಪ್ರಿಂಗಿನದು, ಆಮೇಲೆ ಮನೆಗಳಿಗೆ ಮೂರು ಸ್ಪ್ರಿಂಗಿನದು. ಇಷ್ಟು ಓದಿಕೊಂಡಿದ್ದೆ.

ತೋರಿಸಲು ದೀಪ ಬೇಕಿತ್ತು. ಅಫಜಲಪುರದಲ್ಲಿರುವ ನನ್ನ ಕಾಕಾನ ಹತ್ತಿರ ಒಂದಿತ್ತು. ಅಪ್ಪನ ತಮ್ಮ ಅವರು. ನೌಕರಿಯ ಕಾಲವೆಲ್ಲ ಆಳಂದದಲ್ಲಿ ಹೊಲಗಳ ನಕಾಶೆ ಬರೆದದ್ದು ಸೊಲ್ಲಾಪುರದಿಂದ ತಂದ ಆ ದೀಪದ ಕೆಳಗೇ.

"ನಾಕ್ ದಿನಕ್ಕ ಒಯ್ತೇನ್ರಿ ಕಾಕಾ," ಎಂದೆ.

"ಒಯ್ಯವ್ವಾ. ಅದ್ರಾಗಿನ ಒಂದು ಸ್ಪ್ರಿಂಗ್ ಸೈಕಲ್ ಸ್ಟ್ಯಾಂಡಿಂದು ಅದ. ಅದೊಂದು ಮುಟ್ಟಬ್ಯಾಡ."

ಕಾರ್ಯಕ್ರಮದ ದಿನ ಬೆಳಿಗ್ಗೆ ಕಾಲೇಜಿನಲ್ಲಿ ನೋಡಿದರೆ, ಉಳಿದೆರಡರ ಪಕ್ಕದಲ್ಲಿ ಆ ತುಕ್ಕು ಹಿಡಿದ ಸ್ಪ್ರಿಂಗ್ ಕಣ್ಣಿಗೆ ಚುಚ್ಚುತ್ತಿತ್ತು. ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಅಂಗಡಿಯಿಂದ ಹೊಳೆಯುವ ಹೊಸದನ್ನು ತಂದು ಸಿಗಿಸಿದೆ. ಪರೀಕ್ಷಿಸಿ ನೋಡುವಷ್ಟೂ ಹೊತ್ತಿರಲಿಲ್ಲ.

ಸಭೆಯಲ್ಲಿ ಕಥೆ ಚೆನ್ನಾಗಿಯೇ ಸಾಗಿತು. "ಈಗ ನೋಡ್ರಿ," ಎಂದು ದೀಪದ ಕೈ ಎತ್ತಿ ಬಿಟ್ಟೆ. ಅದು ಮೆಲ್ಲಗೆ ಬಾಗುತ್ತ ಬಂದು ಮೇಜಿಗೆ ಠಣ್ಣೆಂದು ಬಡಿಯಿತು. ಎಲ್ಲರೂ ನಕ್ಕರು.

"ನಮ್ಮ ಕಾಕಾ ಯಾವುದೋ ಸೈಕಲ್ ಸ್ಪ್ರಿಂಗ್ ಸಿಗಿಸಿ ಕೆಡಿಸ್ಯಾರ್ರಿ," ಎಂದುಬಿಟ್ಟೆ. ನಗು ಇನ್ನೂ ಜೋರಾಯಿತು.

ಆಗ ಕಂಡರು ಕಾಕಾ. ಹಿಂದಿನ ಬೆಂಚಿನಲ್ಲಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕುಳಿತಿದ್ದರು. ನನ್ನ ಮಾತು ಕೇಳಬೇಕೆಂದು ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದರು. ಅವರನ್ನು ಕಂಡ ಮೇಲೂ ನಾನು ಮಾತು ತಿದ್ದಲಿಲ್ಲ.

ಸಭೆ ಮುಗಿದ ಮೇಲೆ ಹತ್ತಿರ ಬಂದು ಹೊಸ ಸ್ಪ್ರಿಂಗನ್ನು ಬೆರಳಿನಿಂದ ಮುಟ್ಟಿದರು.

"ಇದು ನಂದಲ್ಲಲ್ಲವ್ವಾ. ಹಳೇದೆಲ್ಲಿ?"

"ಒಗದೇನ್ರಿ."

"ಇರ್ಲಿ ಬಿಡು," ಎಂದರು. ಬುಟ್ಟಿ ನೋಡಿದೆ, ಆಗಲೇ ಖಾಲಿಯಾಗಿತ್ತು.

ಮುಂದಿನ ರವಿವಾರ ದೀಪ ಹಿಡಿದು ಅಫಜಲಪುರಕ್ಕೆ ಹೋದೆ. ಕಾಕಾ ಸೈಕಲ್ ಅಂಗಡಿಯಿಂದ ಸ್ಪ್ರಿಂಗ್ ತರಿಸಿದರು. ಅದರ ಎಳೆತ ದೀಪದ ಭಾರಕ್ಕೆ ಸರಿಹೊಂದಬೇಕಿತ್ತು. ಒಂದು ಸುತ್ತು ಕತ್ತರಿಸುವುದು, ಸಿಗಿಸುವುದು, ಕೈ ಬಿಟ್ಟು ನೋಡುವುದು, ಮತ್ತೆ ಬಿಚ್ಚುವುದು. ಹೀಗೇ ಮಧ್ಯಾಹ್ನವೆಲ್ಲ ಕಳೆಯಿತು. ಹಿಂದೆ ದೀಪದ ಮೂಲ ಸ್ಪ್ರಿಂಗ್ ಮುರಿದಾಗ ಇದಕ್ಕೆ ಅವರಿಗೆ ಎರಡು ವಾರ ಹಿಡಿದಿತ್ತಂತೆ.

"ತಪ್ಪಾತ್ರಿ ಕಾಕಾ," ಎಂದೆ.

"ಅಷ್ಟು ಮಂದಿ ಮುಂದ ನಿನ್ನ ಮಾನ ಹೋಗ್ತಿತ್ತು. ಹಂಗಂದಿ. ನನಗ ತಿಳೀತದ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಮಾತಿಗೆ ಅಲ್ಲಿ ಕೂರಲಾಗಲಿಲ್ಲ, ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ. ತಿರುಗಿ ಬಂದಾಗ ಕೇಳಿದರು: "ಆ ಇಂಗ್ಲೆಂಡಿನವ ಎಷ್ಟು ಸ್ಪ್ರಿಂಗ್ ಕೆಡಿಸಿದ್ನಂತ?" ನಾನು ಓದಿದ್ದರಲ್ಲಿ ಅದು ಇರಲಿಲ್ಲ.

ನನ್ನ ತರಗತಿಯಲ್ಲಿ ನಿಜ ಹೇಳಿದೆ. ಆದರೆ ಅಂದು ಸಭೆಗೆ ಬಂದವರು ಬಹಳ. ಮೊನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಹೊಸಬರಿಗೆ ನನ್ನ ಕಾಕಾನ ಸೈಕಲ್ ಸ್ಪ್ರಿಂಗಿನ ಕಥೆ ಹೇಳಿ ನಗಿಸುತ್ತಿದ್ದರು. ಹೋಗಿ ತಿದ್ದಿದೆ. ಅವರಿಗೆ ಹಳೆಯ ಕಥೆಯೇ ಚಲೋ ಅನ್ನಿಸಿತು.