ನಿಲನ್ ಗೇಟಿನ ಎರಡನೆಯ ಕಂಬಿ

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಡಿಂಪ್ನಾ ಕ್ವಿಲ್ಟಿ ಮಿನಿಬಸ್ಸಿನಿಂದ ಇಳಿದು, 'ರಸ್ತೆ ಮುಚ್ಚಿದೆ' ಎಂದು ಬರೆದಿದ್ದ ಕೆಂಪು ಹಲಗೆಯನ್ನು ಬೂಟುಗಾಲಿನಿಂದ ಕಲ್ಲುಗೋಡೆಯತ್ತ ತಳ್ಳಿದಳು. ಹಲಗೆಗೆ ಅವಳು ಕೊಡುತ್ತಿದ್ದ ಮರ್ಯಾದೆ ಅಷ್ಟೇ. ರಸ್ತೆ ಕಚೇರಿಯವರು ಅದನ್ನು ಅಕ್ಟೋಬರಿನಲ್ಲಿ ತಂದು ನಿಲ್ಲಿಸಿದರೆ ಮತ್ತೆ ಒಯ್ಯುತ್ತಿದ್ದದ್ದು ಮೇ ತಿಂಗಳಲ್ಲಿ. ಈ ಸಲ ಜನವರಿಯಿಡೀ ರಸ್ತೆ ಒಣಗಿಕೊಂಡಿತ್ತು, ಹಲಗೆ ಮಾತ್ರ ಮುಚ್ಚಿದೆ ಮುಚ್ಚಿದೆ ಎನ್ನುತ್ತ ನಿಂತಿತ್ತು. ಕಾಹರ್‌ಬಾನ್ ಊರಿನಲ್ಲಿ ಅದನ್ನು ಓದುತ್ತಿದ್ದವರು ಪರವೂರಿನವರು ಮಾತ್ರ.

"ಮುಚ್ಚಿದೆಯಂತೆ," ಎನ್ನುತ್ತ ಅವಳು ಸ್ಟಿಯರಿಂಗ್ ಹಿಂದೆ ಕೂತಳು. "ಅದನ್ನ ಬರೆದೋನ ತಲೆ ಮುಚ್ಚಿದೆ."

ಹಿಂದಿನ ಸೀಟಿನಲ್ಲಿದ್ದ ಫೆಸ್ಟಿ ಹೈನ್ಸ್ ನಕ್ಕ. ಎಪ್ಪತ್ತೊಂಬತ್ತರ ಮುದುಕ, ಎರಡೂ ಮೂತ್ರಪಿಂಡ ಕೈಕೊಟ್ಟವ. ಮಂಗಳವಾರ, ಗುರುವಾರ, ಶನಿವಾರ ಗಾಲ್ವೇ ಆಸ್ಪತ್ರೆಯ ಯಂತ್ರದ ಪಕ್ಕ ನಾಲ್ಕು ತಾಸು ಮಲಗಿ ರಕ್ತ ತೊಳೆಸಿಕೊಳ್ಳಬೇಕು. ಎರಡು ದಿನದ ನೀರು ಒಡಲಲ್ಲೇ ನಿಂತು ಗುರುವಾರದ ಹೊತ್ತಿಗೆ ಅವನ ಕಾಲುಗಳು ದಿಂಬಿನಂತೆ ಊದಿರುತ್ತಿದ್ದವು. ಒಂಬತ್ತೂವರೆಗೆ ಅವನ ಸರದಿ. ಹತ್ತು ದಾಟಿದರೆ ಯಂತ್ರ ಬೇರೆಯವರಿಗೆ ಹೋಗುತ್ತಿತ್ತು.

ಡಿಂಪ್ನಾ ಹತ್ತೊಂಬತ್ತು ವರ್ಷದಿಂದ ಈ ಊರಿನ ಮುದುಕರನ್ನೂ ರೋಗಿಗಳನ್ನೂ ಪೇಟೆಗೆ ಸಾಗಿಸುತ್ತಿದ್ದಳು. ಅವಳಿಗೆ ಅರವತ್ತೆರಡು. ಗಂಡ ತೀರಿಕೊಂಡ ಮೂರನೆಯ ವಾರಕ್ಕೇ ಬಸ್ಸು ಹತ್ತಿದವಳು. ಅಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ, ಮನುಷ್ಯರ ಬಗ್ಗೆ ಅವಳಿಗೆ ಗೌರವವೂ ಉಳಿದಿರಲಿಲ್ಲ. ಕಿಟಕಿಯಲ್ಲಿ ನೋಡಿದರೆ ಗೊತ್ತಾಗುವ ಮಳೆಯನ್ನು ರೇಡಿಯೋದಲ್ಲಿ ಹೇಳುವವನು, ಕುರಿ ದಾಟುವ ರಸ್ತೆಯಲ್ಲಿ ಹಾರನ್ ಬಾರಿಸುವವನು, ಗುಂಡಿ ನೋಡಿ ಫೋಟೋ ತೆಗೆದುಕೊಂಡು ಹೋಗುವ ಎಂಜಿನಿಯರು, ಎಲ್ಲರೂ ಅವಳ ಲೆಕ್ಕದಲ್ಲಿ ಒಂದೇ ತಕ್ಕಡಿಯ ಸರಕು. ಎಲ್ಲಕ್ಕಿಂತ ಕೀಳು ಜಾತಿ ನೀರಿಗೆ ಗಾಡಿ ಇಳಿಸಿ ಸಿಕ್ಕಿಕೊಳ್ಳುವವರದು. ಕಳೆದ ವರ್ಷ ಡಬ್ಲಿನ್ನಿನಿಂದ ಬಂದು ಗಾಜಿನ ಮನೆ ಕಟ್ಟಿಸಿದವನೊಬ್ಬ ತನ್ನ ಜೀಪಿನ ಮಾಡಿನ ಮೇಲೆ ಎರಡು ತಾಸು ಕೂತಿದ್ದ. ಅಂಥವರಿಗೆ ಅವಳು 'ಬಾತುಗಳು' ಎಂದು ಹೆಸರಿಟ್ಟಿದ್ದಳು. ಆಮೇಲೆ ಅವರು ಅಂಗಡಿಯಲ್ಲೋ ಚರ್ಚಿನಲ್ಲೋ ಎದುರಾದರೆ ಮೆಲ್ಲಗೆ "ಕ್ವಾಕ್" ಎನ್ನುತ್ತಿದ್ದಳು. ಜೀಪಿನವನು ಅವಳನ್ನು ಕಂಡರೆ ಅಂಗಡಿಯ ಇನ್ನೊಂದು ಸಾಲಿಗೆ ಸರಿಯುತ್ತಿದ್ದ.

ಕಾಹರ್‌ಬಾನಿನ ನೀರು ಹೊಳೆಯಿಂದ ಬರುವುದಲ್ಲ. ರಸ್ತೆಯ ಎರಡೂ ಬದಿಗಿರುವ ತಗ್ಗು ಹುಲ್ಲುಗಾವಲಿನಲ್ಲಿ ನೆಲಕ್ಕೇ ಬಾಯಿಗಳಿವೆ. ಮಳೆ ಸುರಿಯುವಾಗ ಅವು ಸುಮ್ಮನಿರುತ್ತವೆ. ಮಳೆ ನಿಂತು, ಆಕಾಶ ತಿಳಿಯಾಗಿ, ಜನ ಬಟ್ಟೆ ಒಣಹಾಕುವ ಮೂರನೆಯ ದಿನ ಸದ್ದಿಲ್ಲದೆ ನೀರು ಕಾರುತ್ತವೆ. ಬೇಸಿಗೆಯಲ್ಲಿ ದನ ಮೇಯುವ ಜಾಗ ಹಂಸ ತೇಲುವ ಕೆರೆಯಾಗುತ್ತದೆ. ಬಾತುಗಳೆಲ್ಲ ಸಿಕ್ಕಿಕೊಳ್ಳುತ್ತಿದ್ದದ್ದು ಬಿಸಿಲು ಬಿದ್ದ ದಿನವೇ.

ಡಿಂಪ್ನಾಳಿಗೆ ಹಲಗೆ ಬೇಕಿರಲಿಲ್ಲ, ಅವಳಿಗೆ ನಿಲನ್ ಗೇಟು ಇತ್ತು. ರಸ್ತೆ ತಗ್ಗಿಗೆ ಇಳಿಯುವಲ್ಲಿ ಕೋಲ್ಮನ್ ನಿಲನ್‌ನ ಹೊಲಕ್ಕೆ ಐದು ಅಡ್ಡಕಂಬಿಯ ಕಬ್ಬಿಣದ ಗೇಟು. ಕೆಳಗಿನ ಮೊದಲ ಕಂಬಿ ಮುಳುಗಿದ್ದರೆ ಮೊದಲ ಗೇರಿನಲ್ಲಿ ನಿಧಾನ ಹೋಗಬಹುದು. ಎರಡನೆಯ ಕಂಬಿ ಮುಳುಗಿದ್ದರೆ ಹಿಂದಿರುಗಿ ಉದ್ದದ ದಾರಿ ಹಿಡಿಯಬೇಕು, ಐವತ್ತು ನಿಮಿಷ ಹೆಚ್ಚು. ಅವಳ ಅಪ್ಪ ಹಾಲಿನ ಗಾಡಿ ಹೊಡೆಯುತ್ತಿದ್ದಾಗಲೂ ಅದೇ ಕಾನೂನು.

ಗೇಟು ಒಳ್ಳೆಯದು, ಗೇಟಿನ ಯಜಮಾನನ ಬಗ್ಗೆ ಆ ಮಾತು ಹೇಳುವಂತಿರಲಿಲ್ಲ. ಕೋಲ್ಮನ್ ಹೊಸ ಹಲ್ಲು ಕಟ್ಟಿಸಿಕೊಳ್ಳಲು ಮಂಗಳವಾರ ಮಂಗಳವಾರ ಅವಳ ಬಸ್ಸಿಗೆ ಬರುತ್ತಿದ್ದ. ಅವನ ಬಾಯಿ ಹಲ್ಲಿಲ್ಲದೆಯೂ ಮುಚ್ಚುತ್ತಿರಲಿಲ್ಲ. ಈ ಮಂಗಳವಾರ, ನಾಲ್ಕು ದಿನದ ಮಳೆ ಆಗಷ್ಟೇ ನಿಂತಿದ್ದಾಗ, ಅವನು ಅವಳ ಸೀಟಿನ ಬೆನ್ನು ಹಿಡಿದು ನಿಂತೇ ಮಾತಾಡಿದ್ದ.

"ಹೊಸ ಗೇಟ್ ನೋಡಿದ್ಯಾ ಡಿಂಪ್ನಾ?"

"ನೋಡ್ದೆ. ಬೆಳ್ಳಿ ಹಲ್ಲು ಕಟ್ಟಿಸ್ಕೊಂಡ ಹಾಗಿದೆ. ನಿಂಗೂ ಅದಕ್ಕೂ ಒಂದೇ ಡಾಕ್ಟರಾ?"

"ಹೋದ ವಾರ ಹಾಕ್ದೆ. ಹಳೇದು ಕಲ್ಲಿಗೆ ಉಜ್ತಾ ಇತ್ತು ನೋಡು, ಅದಕ್ಕೆ ಇದನ್ನ ಒಂದು..."

"ಕೋಲ್ಮನ್, ಕೂತ್ಕೋ. ಬ್ರೇಕ್ ಹಾಕಿದ್ರೆ ಇರೋ ಎರಡು ಹಲ್ಲೂ ಹೋಗ್ತವೆ."

ಅವಳು ರೇಡಿಯೋ ಜೋರು ಮಾಡಿದ್ದಳು. ಅವನು ಕೂತು, ಕಿಟಕಿಗೆ ಉಳಿದ ಮಾತು ಹೇಳಿ ಮುಗಿಸಿದ್ದ.

ಗುರುವಾರ ಬಿಸಿಲು. ನೀರು ರಸ್ತೆಯ ಮೇಲೆ ಕನ್ನಡಿಯಂತೆ ಮಲಗಿತ್ತು. ಡಿಂಪ್ನಾ ಬಸ್ಸು ನಿಲ್ಲಿಸಿ ಹೊಳೆಯುವ ಹೊಸ ಗೇಟನ್ನು ನೋಡಿದಳು. ಮೊದಲ ಕಂಬಿ ಮುಳುಗಿತ್ತು. ಎರಡನೆಯದು ಒಣಗಿತ್ತು, ಅದರ ಮೇಲೊಂದು ಹಕ್ಕಿ ಕೂತಿತ್ತು.

"ಹೇಗಿದೆ, ಹುಡುಗಿ?" ಎಂದ ಫೆಸ್ಟಿ. ಅವಳನ್ನು ಹುಡುಗಿ ಎನ್ನಲು ಧೈರ್ಯವಿದ್ದವನು ಅವನೊಬ್ಬನೇ.

"ಒಂದು ಕಂಬಿ. ನೀವು ಕಣ್ಣು ಮುಚ್ಕೊಳ್ಳಿ ಫೆಸ್ಟಿ, ತೆರೆಯೋದ್ರಲ್ಲಿ ಆಚೆ ಇರ್ತೀವಿ."

ಫೆಸ್ಟಿ ಕಣ್ಣು ಮುಚ್ಚಲಿಲ್ಲ. ಮುಂದಿನ ದೀಪಗಳು ಮುಳುಗಿದ್ದನ್ನು ಅವನೂ ನೋಡಿದ. ತಗ್ಗಿನ ನಡುಮಧ್ಯೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಬಾಗಿಲ ಸಂದಿಯಿಂದ ತಣ್ಣನೆಯ ನೀರು ಒಳಗೆ ಬಂದು ಫೆಸ್ಟಿಯ ಊದಿದ ಪಾದಗಳನ್ನು ಮುಟ್ಟಿತು. ಅವನು ಬುತ್ತಿಯ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡ.

"ನನ್ನೊಳಗಿರೋದು ಸಾಲದು ಅಂತ," ಎಂದ.

ಡಿಂಪ್ನಾ ಗೇಟಿನತ್ತ ತಿರುಗಿದಳು. ಅವಳು ಕಂಬಿಯನ್ನೇ ನೋಡುತ್ತಿದ್ದಳು. ಅದು ಈಗಲೂ ಒಣಗಿತ್ತು.

ಇಪ್ಪತ್ತು ನಿಮಿಷದ ಮೇಲೆ ಗುಡ್ಡದ ಮನೆಯಿಂದ ಕೋಲ್ಮನ್‌ನ ಟ್ರ್ಯಾಕ್ಟರ್ ಇಳಿದು ಬಂತು. ಹಿಂದೆ ಕುರಿ ಸಾಗಿಸುವ ಕಬ್ಬಿಣದ ತೊಟ್ಟಿ ತೂಗುತ್ತಿತ್ತು. ಅವನು ನೀರಿನಲ್ಲಿ ಬಸ್ಸಿನ ಪಕ್ಕಕ್ಕೆ ಬಂದು ನಿಂತು, ಅವಳ ಕಿಟಕಿಯೊಳಗೆ ಬಗ್ಗಿ ನೋಡಿದ.

"ಒಂದು ಶಬ್ದ ಇದೆಯಲ್ಲ ಡಿಂಪ್ನಾ, ನೀನೇ ಕಲಿಸಿದ್ದು. ಬೇಡ ಬಿಡು, ಮುದುಕ್ರು ಇದಾರೆ."

"ನಿನ್ನ ಗೇಟಿಗೆ ಏನು ಮಾಡ್ದೆ ನೀನು?"

"ಒಂದು ಗೇಣು ಎತ್ತಿ ತೂಗ್‌ಹಾಕ್ದೆ. ಹೇಳ್ದೆನಲ್ಲ. ಎತ್ತಿದೀನಿ, ಇನ್ಮೇಲೆ ಕಂಬಿ ನೋಡ್ಕೊಂಡು ಯಾರೂ ಇಳೀಬೇಡಿ ಅಂತ ಹೇಳ್ದೆ. ಗಾಲ್ವೇವರೆಗೂ ಹೇಳ್ದೆ."

"ನಿನ್ನ ಮಾತು ಯಾರು ಕೇಳ್ತಾರೆ?"

"ಅದೇ ಮತ್ತೆ," ಎಂದ ಕೋಲ್ಮನ್. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಜೀವಮಾನವಿಡೀ ತಾನು ಹಂಚಿದ ತಿರಸ್ಕಾರವನ್ನು ಹಿಂದಕ್ಕೆ ಕೊಡಲೂ ಬಾರದ ಮನುಷ್ಯ!

ಇಬ್ಬರೂ ಸೇರಿ ಫೆಸ್ಟಿಯನ್ನು ಕಂಕುಳಿಗೆ ಕೈಕೊಟ್ಟು ತೊಟ್ಟಿಗೆ ದಾಟಿಸಿದರು. ಡಿಂಪ್ನಾ ತೊಡೆಯ ಮಟ್ಟದ ನೀರಿನಲ್ಲಿ ನಿಂತು ಅವನಿಗೆ ಕಂಬಳಿ ಹೊದಿಸಿ, ತಾನೂ ಹತ್ತಿ ಪಕ್ಕದಲ್ಲಿ ಕೂತಳು. ತೊಟ್ಟಿಯ ತಳದಲ್ಲಿ ಕುರಿಹಿಕ್ಕೆ ಇತ್ತು. ದೊಡ್ಡ ರಸ್ತೆ ಕೂಡುವವರೆಗೆ ಕೋಲ್ಮನ್ ಹಿಂದೆ ತಿರುಗಿ ತಿರುಗಿ ಗೇಟಿನ ಕಥೆಯನ್ನು ಮೊದಲಿನಿಂದ ಹೇಳಿದ. ಯಾವ ಅಂಗಡಿ, ಯಾವ ಬೋಲ್ಟು, ಎಷ್ಟು ಗೇಣು. ರೇಡಿಯೋ ಇಲ್ಲದ ಜಾಗದಲ್ಲಿ ಅವಳು ಪೂರ್ತಿ ಕೇಳಬೇಕಾಯಿತು.

ಅಲ್ಲಿಂದ ಗಾಲ್ವೇಗೆ ಮುಂದಿನ ಬಸ್ಸು ಬಂದದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಡಿಂಪ್ನಾ ಒದ್ದೆ ಬೂಟಿನಲ್ಲಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಪ್ರಯಾಣಿಕರ ಸೀಟಿನಲ್ಲಿ ಕೂತಳು. ಚಾಲಕ ಪ್ರತಿ ತಿರುವಿನಲ್ಲೂ ತಡವಾಗಿ ಬ್ರೇಕು ಹಾಕುತ್ತಿದ್ದ. ಅದನ್ನು ಹೇಳಲು ಅವಳು ಬಾಯಿ ತೆರೆದಳು, ಫೆಸ್ಟಿಯ ಬೂದಿಬಣ್ಣದ ಮುಖ ನೋಡಿ ಮುಚ್ಚಿದಳು.

ಆಸ್ಪತ್ರೆ ತಲುಪಿದಾಗ ಹತ್ತೂ ಮುಕ್ಕಾಲು. ಯಂತ್ರದಲ್ಲಿ ಬೇರೆಯವರಿದ್ದರು. ನರ್ಸು ಫೆಸ್ಟಿಯ ಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬುವವರೆಗೆ ನೋಡಿ, "ಯಾವ ದಾರೀಲಿ ಬಂದ್ರಿ?" ಎಂದು ಕೇಳಿದಳು.

"ಹತ್ತಿರದ ದಾರೀಲಿ," ಎಂದ ಫೆಸ್ಟಿ.

ಎರಡು ಗಂಟೆಗೆ ಯಂತ್ರ ಖಾಲಿಯಾಯಿತು. ನಾಲ್ಕು ತಾಸಿನ ಬದಲು ಎರಡೂವರೆ ತಾಸು ಸಿಕ್ಕಿತು. ಉಳಿದ ನೀರು ಶನಿವಾರದವರೆಗೆ ಅವನ ಮೈಯಲ್ಲೇ ಇರಬೇಕು, ಅಲ್ಲಿಯವರೆಗೆ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಕುಡಿಯಬಾರದು ಎಂದು ನರ್ಸು ಬರೆದುಕೊಟ್ಟಳು. ಫೆಸ್ಟಿ ಚೀಟಿಯನ್ನು ಮಡಚಿ ಡಿಂಪ್ನಾಳ ಕೈಗಿಟ್ಟ.

ಶುಕ್ರವಾರ ಮಧ್ಯಾಹ್ನ ಅವಳು ನಡೆದು ಬಂದು, ಗೋಡೆಗೆ ಒರಗಿದ್ದ ಕೆಂಪು ಹಲಗೆಯನ್ನು ರಸ್ತೆಯ ನಡುವೆ ತಂದು ನಿಲ್ಲಿಸಿದಳು. ಹಾಗೆ ಮಾಡುವಾಗಲೂ ಅದನ್ನೊಮ್ಮೆ ಬೂಟಿನಿಂದ ಒದ್ದಳು. ಆಮೇಲೆ ಗೇಟಿನ ಕಲ್ಲುಕಂಬದ ಮೇಲೆ, ಹಳೆಯ ಗೇಟಿನ ಎರಡನೆಯ ಕಂಬಿ ಇದ್ದ ಎತ್ತರ ಎಷ್ಟೆಂದು ಕೋಲ್ಮನ್‌ನನ್ನು ಕೇಳಿಕೊಂಡು, ಅಲ್ಲಿಗೆ ಬಿಳಿ ಬಣ್ಣ ಬಳಿಯಬೇಕೆಂದಿದ್ದಳು. ಆ ಜಾಗ ನೀರಿನೊಳಗಿತ್ತು.

ಮಿನಿಬಸ್ಸು ಇನ್ನೂ ತಗ್ಗಿನಲ್ಲೇ ನಿಂತಿದೆ. ಶನಿವಾರ ಬೆಳಿಗ್ಗೆ ಏಳಕ್ಕೆ ಅವಳು ಬಾಡಿಗೆ ಕಾರಿನಲ್ಲಿ ಫೆಸ್ಟಿಯನ್ನು ಹತ್ತಿಸಿಕೊಂಡು ಉದ್ದದ ದಾರಿಯಲ್ಲಿ ಹೊರಡುತ್ತಾಳೆ.