ಅಡಿವೆಪ್ಪನ ತಾಯಿಭಕ್ತಿ
ಮುರಗೋಡದಲ್ಲಿ ಅಡಿವೆಪ್ಪನಂಥ ತಾಯಿಭಕ್ತ ಇನ್ನೊಬ್ಬನಿಲ್ಲ. ಎಂಬತ್ತಮೂರರ ತಾಯಿ ನೀಲವ್ವ ಹೇಗಿದ್ದಾಳೆಂದು ಯಾರಾದರೂ ಕೇಳಿದರೆ ಸಾಕು, ಸ್ಕ್ಯಾನಿನ ಫೈಲು ಬಿಚ್ಚಿ ಕೂರುತ್ತಾನೆ. ಪರೀಕ್ಷೆಗೆ ಹೆಸರು ಬರೆಸುವುದಷ್ಟೇ ಅವನ ಕೆಲಸ. ಮುದುಕಿಯನ್ನು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿಸುವುದು, ಮೂತ್ರದ ಬಾಟಲಿ ಹಿಡಿಯುವುದು, ಸೂಜಿ ಚುಚ್ಚಿ ಬಾತ ಕೈಗೆ ಶಾಖ ಕೊಡುವುದು ಹೆಂಡತಿ ಕಸ್ತೂರಿಯ ಪಾಲು. ಈಗ ಅವನಿಗೆ ತಾಯಿಯ ಗಂಟಲಲ್ಲಿ ಕೊಳವೆ ಇಳಿಸಿ ಹೊಟ್ಟೆ ನೋಡಿಸಬೇಕಂತೆ. "ಬ್ಯಾಡಂತ ಡಾಕ್ಟರ್ರ ಹೇಳ್ಯಾರಲ್ರಿ, ನಿಮ್ಮವ್ವಗ ಉಂಡದ್ದು ಚಲೋ ಅರಗತೈತಿ" ಎಂದಳು ಕಸ್ತೂರಿ. "ಅಪ್ಪ ಸತ್ತಾಗ ಮಾತಾಡ್ಸಾಕ ಬಂದವ್ರೆಲ್ಲಾ, ಯಾಕೋ, ಎಲ್ಲೂ ತೋರಿಸಲಿಲ್ಲೇನು ಅಂದ್ರು. ಈ ಸಲ ನಾ ಏನ ಹೇಳ್ಲಿ?" ಅಡಿವೆಪ್ಪ ಮತ್ತೆ ಫೈಲು ಬಿಚ್ಚಿದ. ಕಸ್ತೂರಿಗೆ ಕನಿಕರ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು. "ಬಂದವ್ರಿಗೆ ನಾ ಉತ್ತರಾ ಕೊಡತೇನಿ. ನೀವು ಒಳಗ ಹೋಗಿ, ಬೇಕೋ ಬ್ಯಾಡೋ ಅಂತ ನಿಮ್ಮವ್ವನ್ನ ಕೇಳ್ರಿ. ಇಷ್ಟ ವರ್ಷದಾಗ ಒಮ್ಮೆನೂ ಕೇಳಿಲ್ಲ."