ಹನ್ನೊಂದನೆಯ ಕಾಲಂ

ಸ್ಟೆತಾಸ್ಕೋಪಿಗೆ ಒಂದು ಗಿಲಕಿ ಕಟ್ಟಿಕೊಂಡು ವಾರ್ಡಿಗೆ ಬರುತ್ತಿದ್ದುದರಿಂದ ಮಕ್ಕಳೆಲ್ಲ ಆಕೆಯನ್ನು ಗಿಲಕಿ ಡಾಕ್ಟ್ರಮ್ಮ ಎನ್ನುತ್ತಿದ್ದರು. ಹನ್ನೆರಡು ವರ್ಷ ಮಕ್ಕಳ ಎದೆಗೆ ಕಿವಿಗೊಟ್ಟ ಗಟ್ಟಿಗಿತ್ತಿ, ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕುಸಿದುಬಿಟ್ಟಳು. ಖಿನ್ನತೆ. ನಾಲ್ಕು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟ ಹೊತ್ತ ಹಾಗೆ. ಕೊನೆಗೆ ಔಷಧಿ ನಾಟಿತು, ಎದ್ದಳು. ಈಗಲೂ ಬೆಳಿಗ್ಗೆ ಒಂದು ಮಾತ್ರೆ, ಅಷ್ಟೇ.

ಎಡವಟ್ಟಾದದ್ದು ಕೆಲಸಕ್ಕೆ ವಾಪಸಾದಾಗ. ರಜೆಯ ಕಾರಣವನ್ನು ಮುಖ್ಯಸ್ಥರ ಕಿವಿಯಲ್ಲಿ ಮಾತ್ರ ಹೇಳಿದ್ದಳು. ವಾರ ಕಳೆಯುವುದರೊಳಗೆ ಲಿಫ್ಟಿನವನು, "ಧೈರ್ಯವಾಗಿರಿ ಮೇಡಂ, ನಮ್ಮತ್ತಿಗೆಗೂ ಹಿಂಗೇ ಆಗಿತ್ತು" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಸುದ್ದಿ ತಿಳಿದ ತಾಯಂದಿರು ಪಕ್ಕದ ಡಾಕ್ಟರ ಬಾಗಿಲಲ್ಲಿ ಸಾಲು ನಿಂತರು. ತಡೆಯಲಾರದೆ ಕೆಲಸ ಬಿಟ್ಟಳು.

ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಹೊಸ ಆಸ್ಪತ್ರೆಯೊಂದರ ಅರ್ಜಿ ಕೈಗೆ ಬಂತು. ಹನ್ನೊಂದನೆಯ ಕಾಲಂ ಕೇಳುತ್ತಿತ್ತು: ಹಿಂದೆ ಯಾವಾಗಲಾದರೂ ಮಾನಸಿಕ ಕಾಯಿಲೆ ಇತ್ತೇ? ವಿವರಿಸಿ.

"ಇಲ್ಲ ಅಂತ ಗೀಚಿಬಿಡೇ, ಯಾರು ಬಂದು ನೋಡ್ತಾರೆ?" ಎಂದ ಲೆಕ್ಕದ ಮೇಷ್ಟ್ರಾದ ಗಂಡ.

"ಸುಳ್ಳು ಬರೆದು ಸೇರಿದ್ರೆ, ಯಾವಾಗ ಗೊತ್ತಾಗುತ್ತೋ ಅಂತ ದಿನಾ ಸಾಯ್ಬೇಕು ಕಣ್ರೀ."

ಬರೆಯಲು ಕೂತರೆ ಕೈ ಹಳೆಯ ಚಾಳಿಗೇ ಬಿತ್ತು. 'ಹೆಂಗಸು, ವಯಸ್ಸು ನಲವತ್ತೆರಡು' ಎಂದು ಶುರುವಾಗಿ, ಬೇರೆ ಹಾಳೆ ತುಂಬ ಥೇಟ್ ಕೇಸ್ ಶೀಟ್! ರೋಗಿಯ ಹೆಸರಿಲ್ಲ, ಕೆಳಗೆ, ಪರೀಕ್ಷಿಸಿದ ವೈದ್ಯರು ಸಹಿ ಹಾಕುವ ಜಾಗದಲ್ಲಿ ತನ್ನದೇ ಸಹಿ. ಅದು ಆಕೆಗೂ ಹೊಳೆಯಲಿಲ್ಲ, ಪಿನ್ನು ಹೊಡೆದು ಒಳಗೆ ಕಳಿಸಿದ ಗುಮಾಸ್ತನಿಗೂ ಹೊಳೆಯಲಿಲ್ಲ.

ಸಂದರ್ಶನಕ್ಕೆ ಕೂತವರು ಅರವತ್ತು ದಾಟಿದ ಮುಖ್ಯ ವೈದ್ಯರು. ಮೂಲೆಯಲ್ಲಿ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಆ ಹಾಳೆ ಆಕೆ ತನ್ನ ಕೆಲಸದ ಮಾದರಿಗೆಂದು ಲಗತ್ತಿಸಿದ್ದು ಅಂದುಕೊಂಡ ಹಿರಿಯರು ನಾಲ್ಕು ಸಾಲು ಗಟ್ಟಿಯಾಗಿಯೇ ಓದಿದರು.

"ಕೇಸ್ ಶೀಟ್ ಅಂದ್ರೆ ಹೀಗಿರ್ಬೇಕು! ಈ ರೋಗಿ ಕೆಲಸಕ್ಕೆ ಹೋಗ್ಬಹುದೇನಮ್ಮ?"

"ಧಾರಾಳವಾಗಿ ಸಾರ್," ಬಾಯಿ ತಾನಾಗಿ ಹೇಳಿತು. "ಎರಡೂವರೆ ವರ್ಷದಿಂದ ಏನೂ ತೊಂದರೆ ಇಲ್ಲ."

"ಏನು ಕೆಲಸ, ಪಾಪ?"

"ಮಕ್ಕಳ ಡಾಕ್ಟರ್."

ಗುಮಾಸ್ತನ ಪೆನ್ನು ನಿಂತಿತು. ಬಾಯಿ ಜಾರಿದ್ದು ಆಕೆಗೆ ಆಗ ಹೊಳೆಯಿತು. ಹಿಂದೆಯೇ ಸಿಟ್ಟೂ ಬಂತು.

"ನನ್ನ ರೋಗಿ ಗುಟ್ಟನ್ನ ಯಾರಾದ್ರೂ ಹೀಗೆ ಕೂಗಿ ಓದಿದ್ರೆ ನಾನು ಸುಮ್ನೆ ಬಿಡ್ತಿರ್ಲಿಲ್ಲ ಸಾರ್. ಆ ಹಾಳೆ ವಾಪಸ್ ಕೊಡಿ. ಈಗ ಕೆಲಸ ಮಾಡೋಕಾಗುತ್ತಾ ಅಂತ ಕೇಳಿ, ಹೇಳ್ತೀನಿ. ಹಿಂದಿನದ್ದೆಲ್ಲ ನಿಮಗ್ಯಾಕೆ?"

"ಕೊಟ್ರೆ ಅರ್ಜಿ ಅರ್ಧಂಬರ್ಧ ಆಗುತ್ತಲ್ಲಮ್ಮ."

"ಆಗ್ಲಿ. ಕೆಲಸ ಹೋದ್ರೆ ಹೋಗ್ಲಿ."

ಅಂದದ್ದೇನೋ ಅಂದಳು, ಈ ಕೆಲಸವೂ ಹೋಯಿತಲ್ಲ ಎಂದುಕೊಂಡು ಚೀಲ ಹೆಗಲಿಗೇರಿಸಿದಳು.

ಹಿರಿಯರು, "ಇಲ್ಲಿ ಕೇಳಿದ್ದು ಇಲ್ಲೇ ಇರ್ಬೇಕು" ಎಂದು ಗುಮಾಸ್ತನನ್ನು ಗದರಿ ಹೊರಗೆ ಕಳಿಸಿದರು. ಪಿನ್ನು ಕಿತ್ತು ಹಾಳೆಯನ್ನು ಆಕೆಯ ಕೈಗಿಟ್ಟರು. ಹನ್ನೊಂದನೆಯ ಕಾಲಮ್ಮಿನ ಮೇಲೆ ಅಡ್ಡಗೆರೆ ಎಳೆದರು.

"ನಮ್ಮ ಡಾಕ್ಟ್ರೊಬ್ರು ಪರೀಕ್ಷೆ ಮಾಡಿ 'ಫಿಟ್' ಅಂತ ಬರೆದ್ರೆ ಸಾಕು. ಬೇರೇನೂ ನನಗೆ ಬೇಡ. ಸೋಮವಾರದಿಂದ ಬನ್ನಿ."

ಆಕೆ ಹೊರಡಲು ಎದ್ದಳು. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಈ ಕಾಲಂನಲ್ಲಿ ಇಲ್ಲ ಅಂತ ಬರೆದು ಸೇರ್ದವನು ಕಣಮ್ಮ. ಇಪ್ಪತ್ತೇಳು ವರ್ಷ ಆಯ್ತು."

"ಈಗ ಯಾರ ಹತ್ರ ತೋರಿಸ್ತಿದ್ದೀರಿ ಸಾರ್?"

"ಯಾರ ಹತ್ರ ಹೋಗ್ಲಿ? ಎಲ್ರೂ ಪರಿಚಯದವರೇ. ಮಾತ್ರೆ ನಾನೇ ಬರ್ಕೋತೀನಿ, ನಾನೇ ನುಂಗ್ತೀನಿ."

ಆಕೆ ಹೊರಡಲಿಲ್ಲ. ಬಾಗಿಲು ಮುಚ್ಚಿ ಬಂದು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಮೊದಲಿಂದ ಹೇಳಿ ಸಾರ್."

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. "ಸಿಕ್ತಾ?"

"ಸಿಕ್ತು."

"ಮತ್ತೆ ಇಷ್ಟು ಹೊತ್ತು?"

"ಒಬ್ರು ರೋಗಿ ಇದ್ರು."

"ಆಗ್ಲೇ ರೋಗಿನಾ! ಯಾರು?"

"ಅದೆಲ್ಲ ನಿಮಗ್ಯಾಕ್ರೀ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.